ಕೊರತೆಯಿಲ್ಲದ ಪಂಚಮಿ

"ಗುರುಗಳೇ, ನಿನ್ನೆಯ ಪಂಕ್ತಿಯಲ್ಲಿ ಏನು ಕೊರತೆಯಾಯಿತು?" ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಮಠದಲ್ಲಿ ದೊಡ್ಡ ಊಟವಿತ್ತು. ದಾಸೋಹದ ಹೊಣೆ ಈ ಶಿಷ್ಯನದು. ಮೂರು ದಿನ ಅವನು ನೆಟ್ಟಗೆ ಒಂದು ಕಡೆ ಕುಳಿತಿರಲಿಲ್ಲ. ಅನ್ನ ಕಡಿಮೆ ಬೀಳಲಿಲ್ಲ, ಸಾರಿಗೆ ಉಪ್ಪು ಹೆಚ್ಚಾಗಲಿಲ್ಲ, ಕೊನೆಯ ಪಂಕ್ತಿಗೂ ಗೋಧಿ ಹುಗ್ಗಿ ಬಿಸಿಯಾಗಿಯೇ ಸಿಕ್ಕಿತು. ಊರ ಹಿರಿಯರು ಅವನ ಬೆನ್ನು ತಟ್ಟಿ ಹೋದರು. ಗುರುಗಳು ಮಾತ್ರ "ಆಯಿತು" ಎಂದಷ್ಟೇ ಹೇಳಿ ಎದ್ದುಹೋಗಿದ್ದರು. ಆ ಒಂದು ಮಾತು ಅವನನ್ನು ಬಿಟ್ಟಿರಲಿಲ್ಲ.

"ಕೂತುಕೋ" ಎಂದರು ಗುರುಗಳು.

ಅವನು ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನ ಹೆಂಡತಿ ನೀಲಗಂಗವ್ವ. ಅವನಿಗೆ ಒಬ್ಬಳೇ ತಂಗಿ, ದಾನವ್ವ. ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ನಾಗಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಅದು ನಮ್ಮ ಕಡೆಯ ರೂಢಿ. ಬಳೆಗಾರ ಅದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ.

ಅವನ ತಾಯಿ ಬದುಕಿರುವವರೆಗೆ ಹಬ್ಬ ತಾಯಿಯದಾಗಿತ್ತು. ನಂಟರು, ಓಣಿಯವರು, ಬಳೆಗಾರನ ಗೆಳೆಯರು ಎಲ್ಲರೂ ಪಂಚಮಿಯ ಊಟಕ್ಕೆ ಆ ಮನೆಗೆ ಬರುತ್ತಿದ್ದರು. ಆ ಮುದುಕಿ ಅಂಥ ಅಚ್ಚುಕಟ್ಟಿನ ಅಡುಗೆಯವಳೇನಲ್ಲ. ಕಡುಬು ಬೇಯುವಾಗ ಬಂದವರೊಡನೆ ಮಾತಿಗೆ ಕೂತುಬಿಡುತ್ತಿದ್ದಳು. ಕೆಲವು ಕಡುಬು ಒಡೆದು ಹೂರಣ ನೀರಾಗುತ್ತಿತ್ತು. ಜನ ಅದನ್ನೇ ಉಂಡು, ನಕ್ಕು, ಸಂಜೆಯವರೆಗೆ ಅಲ್ಲೇ ಅಡ್ಡಾಗುತ್ತಿದ್ದರು.

ತಾಯಿ ತೀರಿಕೊಂಡಳು. ಮರುವರ್ಷದ ಪಂಚಮಿ ನೀಲಗಂಗವ್ವ ಒಬ್ಬಳೇ ಮಾಡಿದ ಮೊದಲ ಹಬ್ಬ. ಊಟ ಮುಗಿಸಿ ಕೈತೊಳೆಯುವಾಗ ಗಂಡನ ದೊಡ್ಡವ್ವ ಒಂದು ಮಾತು ಹೇಳಿದಳು.

"ಚಲೋ ಆಗೇತಿ. ಆದರ ನಿಮ್ಮತ್ತಿ ಮಾಡಿದಂಗ ಆಗಲಿಲ್ಲ ಬಿಡು."

ಸತ್ತವರ ನೆನಪಿಗೆ ಹೇಳಿದ ಮಾತು ಅದು. ಹೇಳಿದವಳು ಮನೆ ಸೇರುವ ಮುಂಚೆಯೇ ಮರೆತಳು. ಆದರೆ ಪಕ್ಕದಲ್ಲಿ ದಾನವ್ವ ನಿಂತಿದ್ದಳು, ಅವಳ ಕಣ್ಣು ತುಂಬಿತ್ತು. ನೀಲಗಂಗವ್ವ ಅದನ್ನು ನೋಡಿದಳು. ತವರಿಗೆ ಬಂದ ಹುಡುಗಿ ಇನ್ನು ಮೇಲೆ ತಾಯಿ ಇಲ್ಲವೆಂದು ಕಣ್ಣೀರು ಹಾಕಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಕಟ್ಟಿಕೊಂಡಳು.

ಇದನ್ನು ನೀನು ನೆನಪಿಟ್ಟುಕೋ. ಅವಳು ಮಾಡಿದ್ದೆಲ್ಲ ಹೊಗಳಿಕೆಗಾಗಿ ಮಾಡಿದ್ದಲ್ಲ. ಆ ಹುಡುಗಿಗಾಗಿಯೇ ಮಾಡಿದಳು.

ಅಲ್ಲಿಂದ ಮುಂದೆ ಆ ಮನೆಯ ಪಂಚಮಿ ಊರಿಗೆ ಹೆಸರಾಯಿತು. ಎಂಟು ದಿನ ಮೊದಲೇ ಮನೆ ಸಾರಿಸಿ ಸುಣ್ಣ ಬಳಿಯುವಳು. ಎಳ್ಳುಂಡಿ, ಶೇಂಗಾದ ಉಂಡಿ, ರವೆಯುಂಡಿ, ತಂಬಿಟ್ಟು, ಬುಂದಿಯುಂಡಿ, ಐದು ಬಗೆ. ಒಂದು ಕಡುಬೂ ಒಡೆಯುತ್ತಿರಲಿಲ್ಲ. ಬಂದವರಲ್ಲಿ ಯಾರಿಗೆ ಖಾರ ಆಗದು, ಯಾರಿಗೆ ಹಲ್ಲಿಲ್ಲ, ಯಾರು ಮೊಸರಿಲ್ಲದೆ ಏಳುವುದಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಎಲೆಯ ಮೇಲೆ ಒಂದು ಪದಾರ್ಥ ಮುಗಿಯುವುದರೊಳಗೆ ಅವಳ ಕೈ ಅಲ್ಲಿರುತ್ತಿತ್ತು. ಅವಳು ಯಾವಾಗ ಉಣ್ಣುತ್ತಾಳೆ ಎಂಬುದನ್ನು ಮಾತ್ರ ಯಾರೂ ಕಂಡಿರಲಿಲ್ಲ. ನಾನೂ ಒಂದು ಸಲ ಆ ಮನೆಯಲ್ಲಿ ಉಂಡಿದ್ದೇನೆ. ಅಂಥ ಊಟವನ್ನು ಮತ್ತೆ ಉಂಡಿಲ್ಲ.

ಹೀಗೆ ಆರು ವರ್ಷ ನಡೆಯಿತು. ಏಳನೆಯ ವರ್ಷ ದಾನವ್ವ ಹಬ್ಬಕ್ಕೆ ಎರಡು ದಿನ ಮೊದಲೇ ಬರುತ್ತೇನೆಂದು ಹೇಳಿಕಳಿಸಿದಳು. ಅಣ್ಣ ಹೋಗಿ ಕರೆತಂದ.

ದಾನವ್ವನಿಗೆ ಮಕ್ಕಳಿರಲಿಲ್ಲ. ಗಂಡ ಗೋವೆಯ ಕಡೆ ಕಲ್ಲುಕೆಲಸಕ್ಕೆ ಹೋಗಿ ಆರು ತಿಂಗಳಿಗೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ. ಅತ್ತೆ ಕೆಟ್ಟವಳಲ್ಲ, ಆದರೆ ಕಿವಿ ಪೂರಾ ಹೋಗಿತ್ತು. ಅವಳಿಗೆ ಏನು ಹೇಳಬೇಕಾದರೂ ನಾಲ್ಕು ಮನೆಗೆ ಕೇಳುವಂತೆ ಕೂಗಿ ಹೇಳಬೇಕು.

ಬಂದ ದಿನ ಮಧ್ಯಾಹ್ನ ದಾನವ್ವ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕುಳಿತಳು. ನೀಲಗಂಗವ್ವ ಬೆಲ್ಲದ ಪಾಕ ತಿರುವುತ್ತಿದ್ದಳು.

"ವೈನಿ, ಒಂದು ಮಾತಿತ್ತು."

"ಹೇಳವಾ, ಕಿವಿ ಇತ್ತಲಾಗೇ ಅದಾವು."

ದಾನವ್ವ ತನ್ನ ಪಕ್ಕದ ನೆಲ ತೋರಿಸಿದಳು. "ನೀವು ಸ್ವಲ್ಪ ಇತ್ತ ಬಂದು ಕೂಡ್ರಿ. ನಿಂತು ಕೇಳೋ ಮಾತಲ್ಲ."

"ಈಗ ಕೈ ಬಿಟ್ಟರ ಪಾಕ ಏರತೈತಿ, ಉಂಡಿ ಕಲ್ಲಾಗತಾವು. ಇದೊಂದು ಇಳಿಸಿ ಬರತೀನಿ, ತಡಿ."

ಪಾಕ ಇಳಿಯಿತು. ಅದು ಆರುವುದರೊಳಗೆ ಉಂಡಿ ಕಟ್ಟಬೇಕಿತ್ತು. ಕಟ್ಟಿ ಮುಗಿಯುವ ಹೊತ್ತಿಗೆ ಶೇಂಗಾ ಹುರಿಯುವುದಿತ್ತು. ದಾನವ್ವ ಎದ್ದು, "ನಾನೂ ಒಂದು ಕೈ ಹಚ್ಚತೀನಿ" ಎಂದು ಮೊರ ಎತ್ತಿಕೊಂಡಳು. ನೀಲಗಂಗವ್ವ ಅದನ್ನು ಅವಳ ಕೈಯಿಂದ ಕಸಿದುಕೊಂಡಳು.

"ತವರಿಗೆ ಬಂದು ಯಾರಾದರೂ ಕೆಲಸ ಮಾಡತಾರೇನು? ಹೋಗು, ಜೋಕಾಲಿ ಕಟ್ಟಿಸೀನಿ ನಿನಗಂತ. ಆಡಿಕೋತ ಕೂಡು."

ದಾನವ್ವ ಹೋಗಿ ಜೋಕಾಲಿಯ ಮೇಲೆ ಕುಳಿತಳು. ಕಾಲು ನೆಲಕ್ಕೆ ಊರಿಯೇ ಇದ್ದವು.

ಮರುದಿನ ಬಳೆಗಾರ ತಂಗಿಗೆ ಬಳೆ ಇಡಿಸಲು ಕರೆದ. ಹಸಿರು ಬಳೆ, ಪ್ರತಿವರ್ಷದ ಅಳತೆ. ಅವು ಮೊಣಕೈಯವರೆಗೆ ಜಾರಿಹೋದವು. ಅವನು ಬಳೆಗಾರ, ಊರ ಹೆಂಗಸರ ಕೈಯೆಲ್ಲ ಅವನಿಗೆ ಬಾಯಿಪಾಠ. ಒಂದು ಕ್ಷಣ ತಂಗಿಯ ಕೈಯನ್ನು ಹಾಗೇ ಹಿಡಿದುಕೊಂಡ.

"ಯಾಕ, ಸೊರಗಿದಿಯಲ್ಲ?"

ದಾನವ್ವ ಬಾಯಿ ತೆರೆದಳು. ಆದರೆ ಅದು ಗಂಡಸಿಗೆ ಹೇಳುವ ಮಾತಾಗಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನಂಟರ ದನಿ ಕೇಳಿತು. ಅಣ್ಣ ಪೆಟ್ಟಿಗೆಯಿಂದ ಸಣ್ಣ ಅಳತೆಯ ಬಳೆ ತೆಗೆದು ಇಡಿಸಿ ಎದ್ದ. ಅವು ಸರಿಯಾಗಿ ಕೂತವು.

ಪಂಚಮಿಯ ಊಟಕ್ಕೆ ಮೂವತ್ತು ಮಂದಿ ಸೇರಿದ್ದರು. ಹಿಂದಿನ ಯಾವ ವರ್ಷವೂ ಅಂಥ ಊಟವಾಗಿರಲಿಲ್ಲ. ಬಳೆಗಾರನ ಗೆಳೆಯನೊಬ್ಬ ದರ್ಜಿ, ಅವನು ಎಲೆಯ ಮುಂದೆಯೇ ಪದ ಹೇಳಿದ. ಯಾರೋ ದೊಡ್ಡವ್ವನಿಗೆ ಒಗಟು ಹಾಕಿದರು, ಆಕೆ ಬೈದಳು, ಎಲ್ಲರೂ ನಕ್ಕರು. ದಾನವ್ವ ಕೂಡ ನಕ್ಕಳು. ನೀಲಗಂಗವ್ವ ಬಡಿಸುತ್ತ ಬಡಿಸುತ್ತ ಅವಳು ನಗುವುದನ್ನು ನೋಡಿದಳು. ಅವಳ ಜೀವಕ್ಕೆ ತಂಪಾಯಿತು.

ಊಟದ ನಡುವೆ ಒಮ್ಮೆ ದಾನವ್ವ ಅವಳ ಸೆರಗು ಹಿಡಿದಳು. "ವೈನಿ, ನನ್ನ ಬಾಜೂಕ ಕೂಡ್ರಿ, ಒಂದೀಟು."

"ಇವರದೆಲ್ಲ ಮುಗೀಲಿ" ಎಂದು ನೀಲಗಂಗವ್ವ ಅವಳ ಎಲೆಗೆ ಇನ್ನೊಂದು ಕಡುಬು ಹಾಕಿ ಮುಂದಿನ ಎಲೆಗೆ ಹೋದಳು.

ಮರುದಿನ ಬೆಳಿಗ್ಗೆ ದಾನವ್ವ ಹೊರಟಳು. ನೀಲಗಂಗವ್ವ ಉಂಡಿಯ ಗಂಟು ಕಟ್ಟಿ ಕೊಟ್ಟಳು, ಕುಂಕುಮ ಹಚ್ಚಿದಳು. ಉಳಿದ ನಂಟರೂ ಆಗಲೇ ಹೊರಟು ನಿಂತಿದ್ದರು. "ಏನೋ ಹೇಳತೀನಿ ಅಂದಿದ್ದಿಯಲ್ಲ?" ಎಂದು ಕೇಳಿದಳು. ದಾನವ್ವ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಏನಿಲ್ಲ ವೈನಿ. ಹಬ್ಬ ಭಾಳ ಚಲೋ ಆತು" ಎಂದಳು. ಬಸ್ಸು ಹತ್ತಿದಳು.

ಶ್ರಾವಣ ಹೋಯಿತು, ದಸರೆ ಹೋಯಿತು. ದೀಪಾವಳಿಗೆ ಇನ್ನು ವಾರವಿರುವಾಗ ಹೊಳೆಯಾಚೆಯಿಂದ ಕರೆ ಬಂತು. ದಾನವ್ವ ಹಾಸಿಗೆ ಹಿಡಿದಿದ್ದಾಳೆ, ಕೂಡಲೇ ಬನ್ನಿ ಎಂದು.

ಗಂಡ ಹೆಂಡತಿ ಇಬ್ಬರೂ ಹೋದರು. ದಾನವ್ವನನ್ನು ಗುರುತು ಹಿಡಿಯುವುದೇ ಕಷ್ಟವಾಗಿತ್ತು. ಎಡಗಡೆಯ ಎದೆಯಲ್ಲಿ ಗಂಟು. ಅದು ಯಾವತ್ತಿನದೋ. ಒಡೆದು ಹುಣ್ಣಾಗಿತ್ತು, ವಿಷ ಮೈಯೆಲ್ಲ ಏರಿತ್ತು. ದೊಡ್ಡ ಆಸ್ಪತ್ರೆಗೆ ಒಯ್ದು, ಅಲ್ಲಿ ಕೈಬಿಟ್ಟು, ಮನೆಗೆ ತಂದು ಮಲಗಿಸಿದ್ದರು. ಗಂಡ ಗೋವೆಯಿಂದ ಬಂದು ಮೂಲೆಯಲ್ಲಿ ಕುಳಿತಿದ್ದ. ಅವನಿಗೂ ಗೊತ್ತಾಗಿ ಹದಿನೈದು ದಿನವಷ್ಟೇ ಆಗಿತ್ತು.

ನೀಲಗಂಗವ್ವ ತಲೆಯ ಹತ್ತಿರ ಕುಳಿತಳು. ಎರಡು ದಿನ ಅಲ್ಲಿಂದ ಏಳಲಿಲ್ಲ. ಆ ಮನೆಯಲ್ಲಿ ಅವಳು ಮಾಡಬೇಕಾದ ಅಡುಗೆ ಇರಲಿಲ್ಲ. ಬಡಿಸಬೇಕಾದವರಿರಲಿಲ್ಲ. ಹತ್ತಿಯನ್ನು ನೀರಿಗೆ ಅದ್ದಿ ಅವಳ ತುಟಿಗೆ ಹಚ್ಚುತ್ತ, "ಹೇಳವಾ, ನಾ ಇಲ್ಲೇ ಕುಂತೀನಿ, ಹೇಳು" ಎಂದಳು. ಹಗಲೆಲ್ಲ ಅದನ್ನೇ ಹೇಳಿದಳು. ದಾನವ್ವನ ಕಣ್ಣು ಒಮ್ಮೊಮ್ಮೆ ತೆರೆಯುತ್ತಿದ್ದವು. ಮಾತು ಹೋಗಿತ್ತು. ಮೂರನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ನೆರೆಮನೆಯ ಖಾಸಿಂಬಿ ಬಂದು ನೀಲಗಂಗವ್ವನ ಹತ್ತಿರ ಕುಳಿತಳು. ಖಾಸಿಂಬಿ ಮತ್ತು ದಾನವ್ವ ದಿನಾ ಕೂಡಿ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದವರು.

"ಒಬ್ಬರಿಗಾದರೂ ಹೇಳಬಾರದಿತ್ತೇನು ಇಕಿ?" ಎಂದು ನೀಲಗಂಗವ್ವ ಕೇಳಿದಳು. "ಹಿಂಗ ಬಾಯಿ ಮುಚ್ಚಿಕೊಂಡು ಸಾಯಬೇಕಿತ್ತೇನು?"

ಖಾಸಿಂಬಿ ಅವಳ ಮುಖ ನೋಡಿದಳು. ಹೇಳಬೇಕೋ ಬೇಡವೋ ಎಂದು ಯೋಚಿಸಿರಬೇಕು. ಆಮೇಲೆ ಹೇಳಿದಳು.

"ನಿಮಗ ಹೇಳಾಕಂತನ ಪಂಚಮಿಗೆ ಎರಡು ದಿನ ಮೊದಲ ಬಂದಿದ್ದಳಲ್ಲವಾ. ನಾನ ಕಳಿಸಿದ್ದೆ. ಡಾಕ್ಟರ ಹತ್ತಿರ ಒಬ್ಬಾಕಿ ಹೋಗಾಕ ಅಂಜಿದ್ದಳು. ನನ್ನ ಕೂಡ ಬಾ ಅಂದರ, ಬ್ಯಾಡ, ವೈನಿ ಬರತಾಳ, ವೈನಿ ನನ್ನ ಅವ್ವನ ಜಾಗಾದಾಗ ಅದಾಳ ಅಂದಳು. ತಿರುಗಿ ಬಂದ ಮ್ಯಾಲೆ ಕೇಳಿದೆ, ಹೇಳಿದೇನು ಅಂತ. ಇಲ್ಲ ಅಂದಳು."

"ಯಾಕಂತ?"

"ವೈನಿ ನನ್ನ ಸಲುವಾಗಿ ಅಷ್ಟು ಚಲೋ ಹಬ್ಬ ಮಾಡಿದ್ದಳು, ಅದರಾಗ ಇದನ್ನ ಹ್ಯಾಂಗ ಹೇಳಲಿ ಅಂದಳು. ಮುಂದ ಯಾವಾಗರ ಹೇಳತೀನಿ ಅಂದಳು. ಆಮೇಲೆ ನಾ ಕೇಳಿದಾಗೆಲ್ಲ ಸಿಟ್ಟಿಗೇಳತಿದ್ದಳು."

ನೀಲಗಂಗವ್ವ ಅಳಲಿಲ್ಲ. ಊರಿಗೆ ಮರಳುವಾಗ ಗಂಡನೊಡನೆ ದೊಡ್ಡ ಆಸ್ಪತ್ರೆಯ ಮುಂದೆ ಇಳಿದಳು. ದಾನವ್ವನನ್ನು ನೋಡಿದ ಡಾಕ್ಟರನ್ನು ಹುಡುಕಿ, ಶ್ರಾವಣದಲ್ಲಿ ಕರೆತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದಳು. ಡಾಕ್ಟರು ಕಾಗದ ತಿರುವಿ ನೋಡಿ, "ಅದನ್ನು ಈಗ ಹೇಳೋಕಾಗೋದಿಲ್ಲ, ತಾಯಿ" ಎಂದರು. ಉಳಿಯುತ್ತಿದ್ದಳು ಎಂದಿದ್ದರೆ ಅವಳು ಎದೆ ಬಡಿದುಕೊಂಡು ಅಳಬಹುದಿತ್ತು. ಉಳಿಯುತ್ತಿರಲಿಲ್ಲ ಎಂದಿದ್ದರೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಎರಡೂ ಸಿಗಲಿಲ್ಲ.

ಗಂಡನೂ ಆ ದಿನದಿಂದ ಕುಗ್ಗಿದ. ಬಳೆ ಇಡಿಸುವಾಗ ಯಾವ ಹೆಂಗಸಿನ ಕೈ ಸಣ್ಣದಾಗಿದ್ದರೂ ಸುಮ್ಮನೆ ಬಿಡುತ್ತಿರಲಿಲ್ಲ. "ಆರಾಮ ಇದ್ದೀ ಏನವಾ, ಖರೇ ಹೇಳು" ಎಂದು ಕೇಳುತ್ತಿದ್ದ. ಕೆಲವರಿಗೆ ಅದು ಕಿರಿಕಿರಿಯಾಯಿತು.

ಸೂತಕದ ವರ್ಷ ಕಳೆದು ಮತ್ತೊಂದು ಪಂಚಮಿ ಬಂತು. ಕರೆತರಬೇಕಾದ ತಂಗಿ ಇಲ್ಲ. ಹಬ್ಬವೇ ಬೇಡ ಎಂದ ಬಳೆಗಾರ. ನೀಲಗಂಗವ್ವ, "ಎಲ್ಲಾರನೂ ಕರೀರಿ. ಬರುವಾಗ ಅವರವರ ಮನ್ಯಾಗ ಏನೈತೋ ಅದನ್ನ ತರಲಿ. ನಾ ಅಡಗಿಗೆ ನಿಲ್ಲೂದಿಲ್ಲ" ಎಂದಳು.

ಜನ ಬಂದರು. ಹಿಂದಿನ ದಿನ ಬಡಿದಿಟ್ಟ ಸಜ್ಜೆ ರೊಟ್ಟಿ, ಒಂದು ಪಲ್ಯ, ಗಡಿಗೆಯ ಮೊಸರು, ಬಂದವರು ತಂದ ಬುತ್ತಿ, ಎಲ್ಲವನ್ನೂ ಪಡಸಾಲೆಯ ನಡುವೆ ಇಟ್ಟು ನೀಲಗಂಗವ್ವ ಎಲ್ಲರಿಗಿಂತ ಮೊದಲು ಕೆಳಗೆ ಕುಳಿತಳು. ಬಡಿಸುವವರಿಲ್ಲ. ಯಾರು ಮೊದಲು ಕೈ ಚಾಚಬೇಕೆಂದು ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡವ್ವ, "ಇದು ಹಬ್ಬೇನು, ಹೊಲದಾಗಿನ ಊಟೇನು?" ಎಂದಳು. ಎಲ್ಲರೂ ತಾವೇ ಬಡಿಸಿಕೊಂಡು ಉಂಡರು. ದರ್ಜಿ ಪದ ಹೇಳಲಿಲ್ಲ. ನೀಲಗಂಗವ್ವ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕುಳಿತಿದ್ದಳು. ಅವಳು ಏನನ್ನು ಕಾಯುತ್ತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೇಡಿದರೆ ಬರುವಂಥದ್ದಲ್ಲ ಅದು. ಎಲ್ಲರೂ ಬೇಗನೆ ಎದ್ದು ಹೋದರು.

ಮುಂದಿನ ವರ್ಷ ಅರ್ಧ ಜನ ಬಂದರು. ಅದರ ಮುಂದಿನ ವರ್ಷ ಒಂಬತ್ತು ಜನ. ಬಳೆಗಾರನ ಮನೆಯಲ್ಲಿ ಮೊದಲಿನ ಹಬ್ಬ ಉಳಿದಿಲ್ಲ ಎಂದು ಊರು ಆಡಿಕೊಂಡಿತು.

ಆ ಮೂರನೆಯ ವರ್ಷ, ಊಟ ಮುಗಿದರೂ ಯಾರಿಗೂ ಏಳುವ ಅವಸರವಿರಲಿಲ್ಲ. ಮಾತು ಅಲ್ಲಿಂದಿಲ್ಲಿಗೆ ಹೋಗುತ್ತ, ನಿಲ್ಲುತ್ತ ಇತ್ತು. ಆಗ ಪದ ಹೇಳುತ್ತಿದ್ದ ಆ ದರ್ಜಿ, ಕೈಯಲ್ಲಿ ರೊಟ್ಟಿಯ ಚೂರು ಹಿಡಿದುಕೊಂಡೇ, "ನಮ್ಮ ಹುಡುಗೀನ ಗಂಡನ ಮನ್ಯಾಗ ಹೊಡೀತಾರ" ಎಂದ. ಅಷ್ಟು ಹೇಳಿ, ದೊಡ್ಡ ಗಂಡಸು, ಎಲ್ಲರೆದುರು ಅತ್ತುಬಿಟ್ಟ. ಯಾರೂ ಅವನನ್ನು ತಡೆಯಲಿಲ್ಲ. ನೀಲಗಂಗವ್ವ ಅವನ ಹತ್ತಿರ ಸರಿದು ಕುಳಿತು, ಮೊದಲಿಂದ ಕೊನೆಯವರೆಗೆ ಕೇಳಿದಳು. ಸಂಜೆಯಾಯಿತು. ಮರುದಿನ ಬಳೆಗಾರ ಅವನ ಜೊತೆ ಹೋಗಿ ಆ ಹುಡುಗಿಯನ್ನು ಕರೆತಂದ.

ಒಳ್ಳೆಯದಾಯಿತು. ಆದರೆ ಅವರೆಲ್ಲ ಹೋದ ಮೇಲೆ ನೀಲಗಂಗವ್ವ ಖಾಲಿ ಪಡಸಾಲೆಯಲ್ಲಿ ಕುಳಿತು, ಇಷ್ಟು ವರ್ಷ ಬಾರದ ಅಳುವನ್ನು ಅತ್ತಳು. ಯಾರದೋ ಮಗಳ ಮಾತು ಕೇಳಿಸಿಕೊಂಡೆ, ನನ್ನ ಹುಡುಗಿಯ ಮಾತು ಕೇಳಿಸಿಕೊಳ್ಳಲಿಲ್ಲ ಎಂದು ಹೇಳಿಕೊಂಡು ಅತ್ತಳು. ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ಹೇಳಿದ ಮೇಲೆ ಅವಳ ಮನಸ್ಸು ಹಗುರವಾಯಿತೇ ಎಂದು ಕೇಳಿದರೆ, ಆಯಿತೆಂದು ನಾನು ಹೇಳಲಾರೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಆದರೆ ಅವಳದೇನು ತಪ್ಪು, ಗುರುಗಳೇ? ಪ್ರೀತಿಯಿಂದಲೇ ಮಾಡಿದಳಲ್ಲವೇ? ಕೇಳಲು ಬಿಡುವಿರಲಿಲ್ಲ, ಅಷ್ಟೇ" ಎಂದ.

ಗುರುಗಳು ಅವನನ್ನೇ ನೋಡಿದರು.

"ನಿನ್ನೆ ನಿನ್ನ ಅಣ್ಣ ಬಂದು, ಮೂರು ಪಂಕ್ತಿ ಏಳುವವರೆಗೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು ಹೊರಟುಹೋದನಲ್ಲ, ಅವನು ಏನು ಹೇಳಲು ಬಂದಿದ್ದ?"